ಮರದ ತುಂಡುಗಳನ್ನು ಹಗ್ಗದಲ್ಲಿ ಇಳಿಸಲು ಸ್ಲಿಂಗ್ ಮತ್ತು ಘರ್ಷಣೆ ಸಾಧನಗಳ ಆಯ್ಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಂಬೆ, ಕಾಂಡಗಳನ್ನು ತುಂಡು ತುಂಡಾಗಿ ಕತ್ತರಿಸಿ ಹಗ್ಗದಲ್ಲಿ ಕೆಳಗಿಳಿಸುವ ಕೆಲಸಕ್ಕೆ ಬೇಕಾದ ಸಾಮಾನಿನ ಬಗ್ಗೆ ಈ ಪುಟ. ಮನುಷ್ಯರು ಮರ ಹತ್ತಲು ಬಳಸುವ ಹಗ್ಗ, ಕೊಂಡಿಗಳ ಮಾತು ಇಲ್ಲಿಲ್ಲ. ಅವೆರಡೂ ಬೇರೆ ಬೇರೆ ಚೀಲದಲ್ಲೇ ಇರಬೇಕು. ಒಮ್ಮೆ ಭಾರ ಇಳಿಸಿದ ಹಗ್ಗವನ್ನು ಮತ್ತೆ ಮೈಗೆ ಕಟ್ಟಿಕೊಳ್ಳಬಾರದು.

ಸ್ಲಿಂಗ್ ಯಾವುದಕ್ಕೆ, ಘರ್ಷಣೆ ಸಾಧನ ಯಾವುದಕ್ಕೆ?

ಮೇಲೆ ಬ್ಲಾಕನ್ನೋ (ರಾಟೆ) ಬಳೆಯನ್ನೋ ಮರಕ್ಕೆ ಕಟ್ಟಿ ಹಿಡಿಯುವುದು ಸ್ಲಿಂಗ್. ಕೆಳಗೆ ಬುಡದಲ್ಲಿ ಹಗ್ಗ ಸುತ್ತಿ ಭಾರವನ್ನು ಹತೋಟಿಯಲ್ಲಿ ಬಿಡುವುದು ಘರ್ಷಣೆ ಸಾಧನ. ಆ ಸಾಧನವನ್ನು ಬುಡಕ್ಕೆ ಕಟ್ಟಲೂ ಇನ್ನೊಂದು ಸ್ಲಿಂಗ್ ಬೇಕು. ಮೇಲಿನ ಸ್ಲಿಂಗ್ ಹರಿದರೆ ಬ್ಲಾಕ್, ಹಗ್ಗ, ತುಂಡು ಮೂರೂ ಒಟ್ಟಿಗೆ ಬರುತ್ತವೆ. ಪಕ್ಕದಲ್ಲೇ ಕಾಂಡಕ್ಕೆ ಕಟ್ಟಿಕೊಂಡು ನಿಂತವರಿಗೆ ಓಡಲು ಜಾಗವಿರುವುದಿಲ್ಲ. ಹಾಗಾಗಿ ಇಡೀ ಜೋಡಣೆಯಲ್ಲಿ ಮೊದಲು ಸೋಲುವ ಭಾಗ ಯಾವುದಾದರೂ ಇದ್ದರೆ ಅದು ಓಡುವ ಹಗ್ಗವಾಗಿರಬೇಕೇ (ತುಂಡಿಗೆ ಕಟ್ಟಿ ಬ್ಲಾಕಿನ ಮೂಲಕ ಬುಡಕ್ಕೆ ಬರುವ ಹಗ್ಗ) ಹೊರತು ಸ್ಲಿಂಗ್ ಆಗಿರಬಾರದು.

ಹಗ್ಗಕ್ಕಿಂತ ಸ್ಲಿಂಗ್ ಎಷ್ಟು ಬಲವಾಗಿರಬೇಕು?

ಕನಿಷ್ಠ ಎರಡು ಪಟ್ಟು. ಕಾರಣ ಸರಳ. 100 ಕೆಜಿ ತುಂಡು ಬ್ಲಾಕಿನ ಒಂದು ಬದಿಯಲ್ಲಿ ತೂಗುತ್ತಿದ್ದರೆ, ಅದನ್ನು ತಡೆದು ಹಿಡಿಯಲು ಇನ್ನೊಂದು ಬದಿಯ ಹಗ್ಗವೂ ಹತ್ತಿರ ಹತ್ತಿರ 100 ಕೆಜಿ ಎಳೆಯುತ್ತಿರುತ್ತದೆ. ಎರಡೂ ಸೇರಿ ಬ್ಲಾಕ್ ಮತ್ತು ಸ್ಲಿಂಗ್ ಮೇಲೆ 200 ಕೆಜಿ. ಬುಡಕ್ಕೆ ಹೋಗುವ ಹಗ್ಗ ನೇರ ಕೆಳಗಿಳಿಯದೆ, ಎರಡೂ ಎಳೆಗಳ ನಡುವೆ 90 ಡಿಗ್ರಿ ಕೋನವಿದ್ದರೆ ಇದು 141 ಕೆಜಿಗೆ ಇಳಿಯುತ್ತದೆ. ಆದರೆ ಕಾಂಡ ಕಡಿಯುವಾಗ ಹಗ್ಗ ಸಾಮಾನ್ಯವಾಗಿ ಕಾಂಡದ ಪಕ್ಕದಲ್ಲೇ ಇಳಿಯುವುದರಿಂದ ಎರಡು ಪಟ್ಟು ಎಂದೇ ಲೆಕ್ಕ ಹಾಕಿ.

ಅಂಗಡಿಯಲ್ಲಿ ಇದು ಹೀಗೆ ಕಾಣುತ್ತದೆ: 13 ಮಿ.ಮೀ. ಜೋಡಿ ಹೆಣಿಗೆಯ ಪಾಲಿಯೆಸ್ಟರ್ ಹಗ್ಗ ಹರಿಯುವುದು ಸುಮಾರು 45 ಕಿಲೋನ್ಯೂಟನ್‌ಗೆ, 16 ಮಿ.ಮೀ.ನದು 70ರ ಆಸುಪಾಸಿನಲ್ಲಿ, 19 ಮಿ.ಮೀ.ನದು 90ರ ಆಸುಪಾಸಿನಲ್ಲಿ. ಒಂದು ಕಿಲೋನ್ಯೂಟನ್ ಎಂದರೆ ಸರಿಸುಮಾರು 102 ಕೆಜಿ ತೂಕ. ಅಂದರೆ 13 ಮಿ.ಮೀ. ಹಗ್ಗ ಓಡಿಸುವವರಿಗೆ 16 ಮಿ.ಮೀ. ಸ್ಲಿಂಗ್ ಎರಡು ಪಟ್ಟಿಗೆ ಸಾಲದು; 19 ಮಿ.ಮೀ. ಬೇಕು. ತಯಾರಕರ ಚೀಟಿಯಲ್ಲಿರುವ ಅಂಕಿ ನಿಮ್ಮ ಸ್ಲಿಂಗಿಗೆ ಬೇರೆ ಇದ್ದರೆ ಆ ಅಂಕಿಯೇ ಅಂತಿಮ.

ಚೀಟಿಯಲ್ಲಿ ಹರಿಯುವ ಬಲ, ಕೆಲಸದ ಭಾರ ಎಂದು ಎರಡು ಅಂಕಿ ಇರುತ್ತವೆ. ಯಾವುದನ್ನು ನೋಡಬೇಕು?

ಕೆಲಸದ ಭಾರವನ್ನು. ಹರಿಯುವ ಬಲ ಎಂಬುದು ಹೊಚ್ಚ ಹೊಸ ಸ್ಲಿಂಗನ್ನು ಯಂತ್ರದಲ್ಲಿ ನಿಧಾನವಾಗಿ ಎಳೆದು ಹರಿದಾಗ ಸಿಕ್ಕ ಅಂಕಿ. ಅದನ್ನು ಐದರಿಂದ ಭಾಗಿಸಿ ಕೆಲಸದ ಭಾರ ಬರೆಯುವವರಿದ್ದಾರೆ. ಆದರೆ ಮರದ ಕೆಲಸದಲ್ಲಿ ಭಾರ ಸುಮ್ಮನೆ ತೂಗುವುದಿಲ್ಲ, ಬಿದ್ದು ಜಗ್ಗುತ್ತದೆ. ಅಂಥ ಕಡೆ ಹತ್ತರಿಂದ ಭಾಗಿಸುವುದು ಒಳ್ಳೆಯ ರೂಢಿ. 90 ಕಿಲೋನ್ಯೂಟನ್‌ನ ಸ್ಲಿಂಗ್ ಎಂದರೆ ಆಗ 9 ಕಿಲೋನ್ಯೂಟನ್, ಸುಮಾರು 900 ಕೆಜಿ. ಬ್ಲಾಕಿನಲ್ಲಿ ಎಳೆತ ಎರಡು ಪಟ್ಟಾಗುವುದರಿಂದ ಅದನ್ನು ಎರಡರಿಂದ ಭಾಗಿಸಿದರೆ ಹಗ್ಗದಲ್ಲಿ 450 ಕೆಜಿ ಎಳೆತಕ್ಕೆ ಜಾಗ ಉಳಿಯಿತು. ಇದು ತುಂಡಿನ ತೂಕವಲ್ಲ, ಜಗ್ಗು ಸೇರಿದ ಎಳೆತ ಎಂಬುದು ನೆನಪಿರಲಿ.

ತುಂಡಿನ ತೂಕ ಅಂದಾಜಿಸುವುದು ಹೇಗೆ?

ಹಸಿ ಮರ ಘನ ಮೀಟರಿಗೆ 1000 ಕೆಜಿ ಎಂದು ಹಿಡಿಯಿರಿ. ಹಲವು ಜಾತಿಗಳು ಇದಕ್ಕಿಂತ ಹಗುರ, ಕೆಲವು ಭಾರ. ಅಂದಾಜು ತಪ್ಪಿದರೂ ಹೆಚ್ಚಿನ ಸಲ ನಮ್ಮ ಪರವಾಗಿಯೇ ತಪ್ಪುತ್ತದೆ. 40 ಸೆ.ಮೀ. ದಪ್ಪ, 1 ಮೀಟರ್ ಉದ್ದದ ದಿಮ್ಮಿ ಸುಮಾರು 125 ಕೆಜಿ. ದಪ್ಪ ಎರಡು ಪಟ್ಟಾದರೆ ತೂಕ ನಾಲ್ಕು ಪಟ್ಟು: 80 ಸೆ.ಮೀ. ದಪ್ಪದ ಅಷ್ಟೇ ಉದ್ದದ ದಿಮ್ಮಿ 500 ಕೆಜಿ. ಮೇಲಿಂದ ಕೆಳಗೆ ಕಡಿಯುತ್ತಾ ಬಂದ ಹಾಗೆ ಕಾಂಡ ದಪ್ಪವಾಗುತ್ತದೆ, ಆದರೆ ಕೈಗೆ ಮಾತ್ರ ಅದೇ ಒಂದು ಮೀಟರಿನ ಅಳತೆ ರೂಢಿಯಾಗಿರುತ್ತದೆ. ಸ್ಲಿಂಗ್‌ಗಳು ಮಿತಿ ಮೀರುವುದು ಹೆಚ್ಚಾಗಿ ಇಲ್ಲೇ. ದಪ್ಪ ಏರಿದಂತೆ ಉದ್ದವನ್ನು ಇಳಿಸುತ್ತಾ ಬನ್ನಿ.

ಜಗ್ಗು ಎಂದರೆ ನಿಜಕ್ಕೂ ಎಷ್ಟು?

ಒಂದು ಲೆಕ್ಕ ನೋಡಿ. ಬ್ಲಾಕ್ ಕಡಿತದ ಕೆಳಗಿದೆ, ಮೇಲಿನ 125 ಕೆಜಿ ದಿಮ್ಮಿ ಮಗುಚಿ ಬೀಳುತ್ತದೆ. ಹಗ್ಗ ಬಿಗಿಯಾಗುವ ಹೊತ್ತಿಗೆ ಅದು 1 ಮೀಟರ್ ಬಿದ್ದಿರುತ್ತದೆ ಎನ್ನೋಣ. ಕೆಳಗಿನವರು ಹಗ್ಗವನ್ನು ಬಿಡದೆ ಗಟ್ಟಿ ಹಿಡಿದರೆ, ಹಗ್ಗ ಹಿಗ್ಗಿ ಕಾಂಡ ಬಾಗಿ ಒಟ್ಟು 25 ಸೆ.ಮೀ.ನಲ್ಲಿ ದಿಮ್ಮಿ ನಿಲ್ಲುತ್ತದೆ. ಆಗ ಹಗ್ಗದ ಸರಾಸರಿ ಎಳೆತ ತೂಕದ ಐದು ಪಟ್ಟು, ಅಂದರೆ 625 ಕೆಜಿ. ಬ್ಲಾಕಿನ ಸ್ಲಿಂಗ್ ಮೇಲೆ 1250 ಕೆಜಿ. ಇದು ಸರಾಸರಿ ಮಾತ್ರ. ಗರಿಷ್ಠ ಇನ್ನೂ ಹೆಚ್ಚು. ಅದೇ ದಿಮ್ಮಿಯನ್ನು 2 ಮೀಟರ್ ಓಡಲು ಬಿಟ್ಟು ನಿಧಾನವಾಗಿ ನಿಲ್ಲಿಸಿದರೆ ಸರಾಸರಿ ಎಳೆತ ಒಂದೂವರೆ ಪಟ್ಟು: 190 ಕೆಜಿಯ ಹತ್ತಿರ. ಸ್ಲಿಂಗ್ ಅದೇ, ಬ್ಲಾಕ್ ಅದೇ, ಮರ ಅದೇ. ಬದಲಾದದ್ದು ಕೆಳಗೆ ಹಗ್ಗ ಹಿಡಿದ ಕೈ ಒಂದೇ.

ಲೆಕ್ಕದ ಸೂತ್ರ ಇಷ್ಟೇ: ಬಿದ್ದ ದೂರವನ್ನು ನಿಲ್ಲಲು ತೆಗೆದುಕೊಂಡ ದೂರದಿಂದ ಭಾಗಿಸಿ, ಒಂದು ಕೂಡಿಸಿ, ತೂಕದಿಂದ ಗುಣಿಸಿ. ಹಗ್ಗ ಬಿಗಿಯಾಗಿಯೇ ಇದ್ದು ತುಂಡು ಒಂದಿಂಚೂ ಬೀಳದಿದ್ದರೂ, ಭಾರ ಥಟ್ಟನೆ ಹಗ್ಗಕ್ಕೆ ಬಂದರೆ ಗರಿಷ್ಠ ಎಳೆತ ತೂಕದ ಎರಡು ಪಟ್ಟಾಗುತ್ತದೆ. ಆದ್ದರಿಂದ ಬ್ಲಾಕನ್ನು ಕಡಿತಕ್ಕೆ ಆದಷ್ಟು ಹತ್ತಿರ ಕಟ್ಟಿ, ಕಡಿಯುವ ಮೊದಲು ಹಗ್ಗದ ಸಡಿಲನ್ನೆಲ್ಲ ಎಳೆದುಕೊಳ್ಳಿ. ಬ್ಲಾಕಿಗಿಂತ ಕೆಳಗಿರುವ ಕೊಂಬೆಯನ್ನು ಇಳಿಸುವುದಾದರೆ ಈ ಬೀಳುವ ದೂರವೇ ಇರುವುದಿಲ್ಲ. ಅಂಥ ಅವಕಾಶವಿದ್ದಾಗ ಅದನ್ನೇ ಆರಿಸಿಕೊಳ್ಳಿ.

ಡೆಡ್-ಐ, ವೂಪಿ, ಲೂಪಿ, ಸುತ್ತು ಸ್ಲಿಂಗ್: ಮೊದಲು ಯಾವುದನ್ನು ಕೊಳ್ಳಬೇಕು?

ಡೆಡ್-ಐ. ಒಂದು ತುದಿಯಲ್ಲಿ ಹೆಣೆದ ಕುಣಿಕೆ, ಉಳಿದದ್ದು ಉದ್ದ ಬಾಲ, ಅಷ್ಟೇ. ಸಣ್ಣ ಕಾಂಡಕ್ಕೂ ದೊಡ್ಡ ಕಾಂಡಕ್ಕೂ ಒಂದೇ ಸ್ಲಿಂಗ್ ಸಾಕು, ಗಂಟು ಸರಿ ಬಿದ್ದಿದೆಯೇ ಎಂದು ಕಣ್ಣಿಗೆ ಕಾಣುತ್ತದೆ, ಕೆಡುವ ಭಾಗ ಕಡಿಮೆ. ಗಂಟು ಹಾಕಲು ಸ್ವಲ್ಪ ಹೊತ್ತು ಬೇಕು ಎಂಬುದೊಂದೇ ಕೊರತೆ.

ವೂಪಿ ಸ್ಲಿಂಗ್ ಟೊಳ್ಳು ಹೆಣಿಗೆಯ ಹಗ್ಗದ್ದು. ಅದರ ಒಂದು ಎಳೆ ಇನ್ನೊಂದರ ಒಡಲೊಳಗೆ ಹೊಕ್ಕು ಬರುತ್ತದೆ. ಭಾರ ಬಿದ್ದಾಗ ಹೊರ ಹೆಣಿಗೆ ಒಳಗಿನದನ್ನು ಹಿಂಡಿ ಹಿಡಿಯುತ್ತದೆ. ಉದ್ದವನ್ನು ಸರಸರನೆ ಬದಲಿಸಬಹುದು, ಗಂಟಿನ ಅಗತ್ಯವಿಲ್ಲ. ಒಂದೇ ಕಾಂಡದಲ್ಲಿ ಹತ್ತು ಸಲ ಬ್ಲಾಕ್ ಇಳಿಸಿ ಕಟ್ಟುವ ಕೆಲಸಕ್ಕೆ ಇದು ತುಂಬ ಅನುಕೂಲ. ಆದರೆ ಪ್ರತಿ ಸಲವೂ ಹೊಕ್ಕ ಭಾಗವನ್ನು ಕೈಯಿಂದ ಸವರಿ ಬಿಗಿ ಮಾಡಬೇಕು. ಕಾಂಡವನ್ನು ಬಳಸಿ ಬಂದು ಕುಣಿಕೆಯೊಳಗೆ ಹಾಯುವ ಜಾಗ ಆ ಹೊಕ್ಕ ಭಾಗದ ಮೇಲೆ ಬೀಳಬಾರದು; ಬಿದ್ದರೆ ಹೆಣಿಗೆ ಅಗಲಿ ಹಿಡಿತ ಕಡಿಮೆಯಾಗುತ್ತದೆ.

ಲೂಪಿ ಇದೇ ತತ್ವದ, ಕೊನೆಯಿಲ್ಲದ ಕುಣಿಕೆ. ಹೊಂದಿಸುವ ಉದ್ದ ಕಡಿಮೆ. ಭಾರವನ್ನು ಎರಡು ಎಳೆಗಳು ಹಂಚಿಕೊಳ್ಳುತ್ತವೆ. ಪಟ್ಟಿಯ ಸುತ್ತು ಸ್ಲಿಂಗ್‌ಗಳು ಅಗ್ಗ, ಕೊಂಬೆಗಳನ್ನು ಸರಸರನೆ ಕಟ್ಟಿ ಇಳಿಸಲು ಒಳ್ಳೆಯವು; ಬ್ಲಾಕ್ ಕಟ್ಟಲು ಅವನ್ನು ಬಳಸದಿರುವುದೇ ಮೇಲು. ಉದ್ದ ನಿಗದಿಯಾಗಿರುವುದರಿಂದ ಬ್ಲಾಕ್ ಕಾಂಡದಿಂದ ದೂರ ಜೋತಾಡುತ್ತದೆ, ಆ ಜೋತಾಟವೂ ಬೀಳುವ ದೂರಕ್ಕೇ ಸೇರುತ್ತದೆ.

ಡೆಡ್-ಐಗೆ ಕೌ ಹಿಚ್ ಗಂಟು ಹಾಕಬೇಕೇ, ಟಿಂಬರ್ ಹಿಚ್ ಗಂಟು ಹಾಕಬೇಕೇ? ಎಷ್ಟು ಉದ್ದ ಬೇಕು?

ಸ್ಲಿಂಗ್ ಸಾಲುವಷ್ಟು ಉದ್ದವಿದ್ದರೆ ಕೌ ಹಿಚ್. ಬಾಲವನ್ನು ಕಾಂಡಕ್ಕೆ ಒಂದು ಸುತ್ತು ತಂದು, ಕುಣಿಕೆಯ ಕಡೆಯ ಎಳೆಯನ್ನು ಬಳಸಿ, ಬಂದ ದಾರಿಯಲ್ಲೇ ಹಿಂದಿರುಗಿ ಇನ್ನೊಂದು ಸುತ್ತು ತನ್ನಿ. ಮೊದಲು ಮೂಡಿದ ಬಾಗಿನೊಳಗೆ ಬಾಲವನ್ನು ತೂರಿಸಿ, ಅದರ ಪಕ್ಕದಲ್ಲೇ ಇನ್ನೊಂದು ಅರ್ಧಗಂಟು ಹಾಕಿ ಬಿಗಿಯಿರಿ. ಆ ಕೊನೆಯ ಅರ್ಧಗಂಟನ್ನು ಬಿಡಬೇಡಿ. ಭಾರ ಬಿದ್ದು ಎದ್ದು ಸಡಿಲಾಗುವಾಗ ಬಾಲ ಜಾರದಂತೆ ತಡೆಯುವುದು ಅದೇ. ಎಳೆತದ ದಿಕ್ಕು ಒಂದಿಷ್ಟು ಆಚೀಚೆಯಾದರೂ ಕೌ ಹಿಚ್ ತಾಳಿಕೊಳ್ಳುತ್ತದೆ.

ಟಿಂಬರ್ ಹಿಚ್ ಕಡಿಮೆ ಉದ್ದದಲ್ಲಿ ಆಗುತ್ತದೆ, ಹಾಗಾಗಿ ದಪ್ಪ ಬುಡಕ್ಕೆ ಹೊಂದುತ್ತದೆ. ಅದಕ್ಕೆ ಕನಿಷ್ಠ ಐದು ತೂರುಗಳು (ಬಾಲವನ್ನು ಅದೇ ಸ್ಲಿಂಗಿನ ಎಳೆಗೆ ಸುತ್ತಿ ತೂರಿಸುವುದು) ಬೇಕು. ಅವು ಒಂದೇ ಕಡೆ ಗುಂಪಾಗಿರದೆ ಕಾಂಡದ ಸುತ್ತ ಹರಡಿ, ಪ್ರತಿಯೊಂದೂ ಕಾಂಡ ಮತ್ತು ಹಗ್ಗದ ನಡುವೆ ಒತ್ತಿಕೊಂಡಿರಬೇಕು. ಕುಣಿಕೆಯ ಎಳೆ ಬಾಗಿನಲ್ಲಿ ಹಿಂದಕ್ಕೆ ಮಡಚಿಕೊಂಡು ಎಳೆಯಬೇಕು. ಬಾಗಿನ ಮೂಲಕ ಅದೇ ದಿಕ್ಕಿಗೆ ಮುಂದುವರಿದು ಎಳೆದರೆ ಗಂಟು ಬಿಚ್ಚಿಕೊಳ್ಳುತ್ತದೆ. ಭಾರ ಒಂದೇ ಕಡೆಗೆ, ಬಿಡದೆ ಇರುವಲ್ಲಿ ಮಾತ್ರ ಇದನ್ನು ನಂಬಿ.

ಉದ್ದಕ್ಕೆ: 40 ಸೆ.ಮೀ. ದಪ್ಪದ ಕಾಂಡದ ಸುತ್ತಳತೆ ಸುಮಾರು 1.25 ಮೀಟರ್. ಕೌ ಹಿಚ್‌ಗೆ ಎರಡು ಸುತ್ತು 2.5 ಮೀಟರ್, ಅರ್ಧಗಂಟು, ಬಾಲ, ಕುಣಿಕೆ ಸೇರಿ 3.5 ಮೀಟರ್ ಇಟ್ಟುಕೊಳ್ಳಿ. ಟಿಂಬರ್ ಹಿಚ್‌ಗೆ 2.5 ಮೀಟರ್ ಸಾಕಾಗುತ್ತದೆ.

ಕುಣಿಕೆ ಬಿಗಿಯುವ ರೀತಿಯಿಂದ ಬಲ ಕಡಿಮೆಯಾಗುತ್ತದೆಯೇ?

ಆಗುತ್ತದೆ. ಸ್ಲಿಂಗನ್ನು ತನ್ನದೇ ಕುಣಿಕೆಯೊಳಗೆ ಹಾಯಿಸಿ ಬಿಗಿದರೆ ನೇರ ಎಳೆತದ ಬಲದ ಮುಕ್ಕಾಲು ಭಾಗ, ಹೆಚ್ಚೆಂದರೆ 80 ಶೇಕಡಾ ಉಳಿಯುತ್ತದೆ. ತೊಟ್ಟಿಲಿನ ಹಾಗೆ ಬಳಸಿ ಎರಡೂ ತುದಿಗಳನ್ನು ಮೇಲೆ ಸೇರಿಸಿದರೆ, ಎಳೆಗಳು ಸಮಾನಾಂತರವಾಗಿದ್ದಾಗ ಎರಡು ಪಟ್ಟು ಬಲ. ಆದರೆ ಎಳೆಗಳು ಅಗಲುತ್ತಾ ಹೋಗಿ ನಡುವಿನ ಕೋನ 120 ಡಿಗ್ರಿಗೆ ಬಂದರೆ, ಒಂದೊಂದು ಎಳೆಯ ಮೇಲೂ ಪೂರ್ತಿ ಭಾರ ಬಿದ್ದಿರುತ್ತದೆ. 60 ಡಿಗ್ರಿಯೊಳಗೆ ಇರಿಸಿ.

ಪಾಲಿಯೆಸ್ಟರ್, ನೈಲಾನ್, ಡೈನೀಮಾ: ಯಾವುದು?

ಸ್ಲಿಂಗಿಗೆ ಪಾಲಿಯೆಸ್ಟರ್. ನೀರು, ಬಿಸಿಲು, ಉಜ್ಜಾಟ ಎಲ್ಲಕ್ಕೂ ತಕ್ಕಮಟ್ಟಿಗೆ ಒಗ್ಗುತ್ತದೆ, ಗಂಟು ಹಿಡಿಯುತ್ತದೆ. ನೈಲಾನ್ ಒದ್ದೆಯಾದರೆ ಬಲ ಕಳೆದುಕೊಳ್ಳುತ್ತದೆ. ಅದರ ಹಿಗ್ಗುವ ಗುಣ ಜಗ್ಗು ತಗ್ಗಿಸುತ್ತದೆ ಎಂದು ಕೆಲವರು ಸ್ಲಿಂಗಿಗೂ ಕೊಳ್ಳುತ್ತಾರೆ, ಆದರೆ ಎರಡು ಮೂರು ಮೀಟರ್ ಸ್ಲಿಂಗ್ ಹಿಗ್ಗಿದರೆ ಎಷ್ಟು ಹಿಗ್ಗೀತು? ಜಗ್ಗು ನುಂಗುವುದು ಬುಡದವರೆಗಿನ ಉದ್ದ ಹಗ್ಗದ ಕೆಲಸ. ಡೈನೀಮಾ (ಒಂದು ಬಗೆಯ ಪಾಲಿಎಥಿಲೀನ್ ನೂಲು) ತೂಕಕ್ಕೆ ಹೋಲಿಸಿದರೆ ಅಸಾಧಾರಣ ಬಲದ್ದು, ಆದರೆ ಜಾರುತ್ತದೆ. ಮಾಮೂಲಿ ಗಂಟುಗಳು ಅದರಲ್ಲಿ ನಿಲ್ಲುವುದಿಲ್ಲ. ಸುಮಾರು 145 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಪಾಲಿಯೆಸ್ಟರ್ ಕರಗಲು 250ಕ್ಕೂ ಹೆಚ್ಚು ಬೇಕು. ತಯಾರಕರೇ ಹೆಣೆದ ಕುಣಿಕೆಗಳಿರುವ ಡೈನೀಮಾ ಸ್ಲಿಂಗನ್ನು ಓಡುವ ಹಗ್ಗ ಸೋಕದ ಕಡೆ ಬಳಸಬಹುದು.

ಬುಡದಲ್ಲಿ ಯಾವ ಘರ್ಷಣೆ ಸಾಧನ?

ಕೊಂಬೆಗಳು, ಮಧ್ಯಮ ದಿಮ್ಮಿಗಳು, ದಿನಕ್ಕೆ ಎರಡು ಮೂರು ಮರ ಬದಲಿಸುವ ಕೆಲಸವಾದರೆ ಪೋರ್ಟ್-ಎ-ರ‍್ಯಾಪ್ ಮಾದರಿಯ, ಹಗ್ಗ ಸುತ್ತುವ ಲೋಹದ ಕೊಳವೆ. ಸ್ಲಿಂಗಿನಲ್ಲಿ ಕಟ್ಟಿದರೆ ಮುಗಿಯಿತು, ಹಗ್ಗದ ತುದಿ ಹುಡುಕದೆ ನಡುವಿನಲ್ಲೇ ಸುತ್ತು ಹಾಕಬಹುದು, ಸುತ್ತು ಹೆಚ್ಚು ಕಡಿಮೆ ಮಾಡುವುದೂ ಸುಲಭ. ಇದರ ದೌರ್ಬಲ್ಯ ಸಡಿಲು ಎಳೆದುಕೊಳ್ಳುವುದರಲ್ಲಿ: ಸ್ಲಿಂಗಿನಲ್ಲಿ ಜೋತಾಡುವುದರಿಂದ ಹಗ್ಗ ಬಿಗಿ ಮಾಡುವಾಗ ಕೈಗೆ ಆನಿಕೆ ಸಿಗುವುದಿಲ್ಲ.

ಭಾರಿ ಕಾಂಡಗಳಿಗೆ ಬುಡಕ್ಕೆ ಪಟ್ಟಿಗಳಿಂದ ಬಿಗಿಯುವ ಬೊಲ್ಲಾರ್ಡ್. ಅಗಲವಾದ ಡ್ರಮ್ ಬಿಸಿಯನ್ನು ಚೆನ್ನಾಗಿ ಹಂಚಿಕೊಳ್ಳುತ್ತದೆ, ಹಗ್ಗ ಹದವಾಗಿ ಬಾಗುತ್ತದೆ. ಕಟ್ಟಲು ಹೊತ್ತು ಹಿಡಿಯುತ್ತದೆ. ಮೊದಲ ಭಾರ ಇಳಿದ ಮೇಲೆ ತೊಗಟೆ ಒತ್ತಿಕೊಂಡು ಪಟ್ಟಿ ಸಡಿಲಾಗುವುದರಿಂದ ಮತ್ತೊಮ್ಮೆ ಬಿಗಿಯಲೇಬೇಕು. ತುಂಡನ್ನು ಕಡಿಯುವ ಮೊದಲು ಸ್ವಲ್ಪ ಎತ್ತಬೇಕಾದ ಕೆಲಸವಿದ್ದರೆ ವಿಂಚ್ (ಹಗ್ಗ ಎಳೆಯುವ ತಿರುಗಣೆ) ಇರುವ ಬೊಲ್ಲಾರ್ಡೇ ಬೇಕು. ಹತ್ತುವ ಹಗ್ಗಕ್ಕೆಂದು ಮಾಡಿದ ಎಂಟರ ಆಕಾರದ ಬಳೆಯನ್ನು ಸಣ್ಣ ಕೊಂಬೆಗೂ ಬಳಸುವವರಿದ್ದಾರೆ. ಅದು ಹಗ್ಗಕ್ಕೆ ತಿರುಚು ತುಂಬುತ್ತದೆ, ಬೇಡ.

ಎಷ್ಟು ಸುತ್ತು ಹಾಕಬೇಕು?

ಪ್ರತಿ ಸುತ್ತೂ ಎಳೆತವನ್ನು ಕೂಡಿ ಕಳೆಯುವುದಿಲ್ಲ, ಭಾಗಿಸುತ್ತದೆ. ಇದನ್ನು ಮನಸ್ಸಿಗೆ ತಂದುಕೊಂಡರೆ ಉಳಿದದ್ದೆಲ್ಲ ಸಲೀಸು. ಹಗ್ಗ ಮತ್ತು ಲೋಹದ ಘರ್ಷಣಾಂಕ 0.2 ಎಂದು ಹಿಡಿದರೆ ಒಂದು ಪೂರ್ಣ ಸುತ್ತು ಎಳೆತವನ್ನು ಸುಮಾರು 3.5ರಿಂದ ಭಾಗಿಸುತ್ತದೆ. ಹಗ್ಗದಲ್ಲಿ 200 ಕೆಜಿ ಎಳೆತವಿದ್ದರೆ, ಒಂದು ಸುತ್ತಿಗೆ ಕೈಯಲ್ಲಿ 57 ಕೆಜಿ, ಎರಡಕ್ಕೆ 16, ಮೂರಕ್ಕೆ ಐದಕ್ಕೂ ಕಡಿಮೆ. ಘರ್ಷಣಾಂಕ 0.15ಕ್ಕೆ ಇಳಿದರೆ ಅದೇ ಮೂರು ಸುತ್ತಿಗೆ ಕೈಯಲ್ಲಿ 12 ಕೆಜಿ, ಎರಡು ಸುತ್ತಿಗೆ 30. ಹೊಸ ಹಗ್ಗ, ನುಣುಪಾಗಿ ಸವೆದ ಕೊಳವೆ, ಒದ್ದೆ, ಅಂಟು, ಇವೆಲ್ಲ ಈ ಅಂಕಿಯನ್ನು ಅಲುಗಿಸುತ್ತವೆ. ನಿನ್ನೆ ಎರಡು ಸುತ್ತಿಗೆ ನಿಂತದ್ದು ಇವತ್ತು ನಿಲ್ಲದಿರುವುದು ಹೀಗೆ. ಹಾಗಾಗಿ ದಿನದ ಮೊದಲ ತುಂಡು ಚಿಕ್ಕದಿರಲಿ.

ಈ ಲೆಕ್ಕದಲ್ಲಿ ಕೊಳವೆಯ ದಪ್ಪ ಬರುವುದೇ ಇಲ್ಲ ಎಂಬುದನ್ನು ಗಮನಿಸಿ. ದಪ್ಪ ಕೊಳವೆ ಹೆಚ್ಚು ಹಿಡಿಯುತ್ತದೆ ಎಂಬ ನಂಬಿಕೆ ತಪ್ಪು. ದಪ್ಪದಿಂದ ಸಿಗುವುದು ಬಿಸಿ ತಾಳುವ ಗುಣ ಮತ್ತು ಹಗ್ಗಕ್ಕೆ ಹದವಾದ ಬಾಗು.

ಸುತ್ತು ಕಡಿಮೆಯಾದರೆ ಹಗ್ಗ ಕೈಸುಟ್ಟು ಓಡುತ್ತದೆ ಎಂಬ ಭಯ ಎಲ್ಲರಿಗೂ ಇರುತ್ತದೆ. ಸುತ್ತು ಹೆಚ್ಚಾದರೂ ಅಷ್ಟೇ ಕೇಡು: ಹಗ್ಗ ಓಡದೆ ಕಚ್ಚಿಕೊಂಡು, ಮೇಲೆ ಹೇಳಿದ ಐದು ಪಟ್ಟಿನ ಜಗ್ಗು ಸ್ಲಿಂಗಿಗೆ ಹೋಗುತ್ತದೆ, ಮೇಲಿರುವವರನ್ನು ಕಾಂಡ ಅಲ್ಲಾಡಿಸಿಬಿಡುತ್ತದೆ. ಓಡಿಸಿ ನಿಲ್ಲಿಸಬೇಕಾದ ದಿಮ್ಮಿಗೆ, ಕೈಯಿಂದ ಹಿಡಿದು ನಿಲ್ಲಿಸಲು ಸಾಧ್ಯವಿರುವಷ್ಟರಲ್ಲಿ ಅತಿ ಕಡಿಮೆ ಸುತ್ತು ಸರಿಯಾದದ್ದು. ಕೊಳವೆಯ ತುದಿ ತೆರೆದಿರುವುದರಿಂದ ತುಂಡು ನಿಂತ ಮೇಲೆ ಇನ್ನೊಂದು ಸುತ್ತು ಸೇರಿಸಿಕೊಳ್ಳಬಹುದು.

ಮೇಲೆ ಬ್ಲಾಕಿನ ಬದಲು ಘರ್ಷಣೆ ಬಳೆ ಹಾಕಿದರೆ ಏನು ಲಾಭ?

ತಿರುಗದ ಬಳೆಯ ಮೇಲೆ ಹಗ್ಗ ಅರ್ಧ ಸುತ್ತು ಹಾಯುವಾಗಲೇ ಎಳೆತ 1.9ರಿಂದ ಭಾಗವಾಗುತ್ತದೆ. 100 ಕೆಜಿಗೆ ಕೆಳಗಿನ ಎಳೆಯಲ್ಲಿ 53 ಕೆಜಿ. ಸ್ಲಿಂಗ್ ಮೇಲೆ 200ರ ಬದಲು 153. ಬುಡದಲ್ಲಿ ಸುತ್ತು ಕಡಿಮೆ ಸಾಕು, ಬಳೆ ಹಗುರ, ತಿರುಗುವ ಭಾಗವಿಲ್ಲ. ಬಲ ನಂಬಲಾಗದ ಮರದಲ್ಲಿ ಈ ಕಾಲು ಭಾಗದ ಉಳಿತಾಯ ದೊಡ್ಡದು.

ಆದರೆ ಬೆಲೆಯಿದೆ. ಘರ್ಷಣೆ ಮೇಲೆಯೇ ಆಗುವುದರಿಂದ ಬುಡದ ಕಡೆಯ ಹಗ್ಗಕ್ಕೆ ಎಳೆತ ಪೂರ್ತಿ ತಲುಪುವುದಿಲ್ಲ. ಅಂದರೆ ಹಿಗ್ಗಿ ಜಗ್ಗು ನುಂಗುವ ಉದ್ದ ಕಡಿಮೆಯಾಗುತ್ತದೆ. ಹಗ್ಗ ಓಡಿಸದೆ ಗಟ್ಟಿ ಹಿಡಿದರೆ ಬಳೆ ಬ್ಲಾಕಿಗಿಂತ ಕೆಟ್ಟದ್ದೂ ಆಗಬಹುದು. ಸಡಿಲು ಎಳೆದುಕೊಳ್ಳುವುದೂ, ತುಂಡನ್ನು ಮೇಲೆತ್ತುವುದೂ ಕಷ್ಟ. ಓಡಿಸಿ ಇಳಿಸಲು ಕೆಳಗೆ ಜಾಗವಿದ್ದರೆ ಬಳೆ; ಎತ್ತುವ ಕೆಲಸವಿದ್ದರೆ, ಜಾಗ ಚಿಕ್ಕದಾಗಿ ಥಟ್ಟನೆ ನಿಲ್ಲಿಸಬೇಕಾಗಿದ್ದರೆ ಬ್ಲಾಕ್.

ಮರದ ಕವಲಿನ ಮೇಲೇ ಹಗ್ಗ ಹಾಕಿ, ಬುಡಕ್ಕೇ ಸುತ್ತಿ ಇಳಿಸಿದರೆ ಆಗದೇ?

ಸಣ್ಣ ಕೊಂಬೆಗೆ ಆಗುತ್ತದೆ. ಆದರೆ ಒಂದು ಜಾತಿಯ ತೊಗಟೆ ಹಗ್ಗವನ್ನು ಕಚ್ಚುತ್ತದೆ, ಇನ್ನೊಂದು ಸುಲಿದು ಜಾರಿಸುತ್ತದೆ. ಮೂರನೆಯ ತುಂಡಿನ ಹೊತ್ತಿಗೆ ತೊಗಟೆ ಉಜ್ಜಿಹೋಗಿ ಮೊದಲಿನ ಅಂದಾಜು ಸುಳ್ಳಾಗಿರುತ್ತದೆ. ಉಳಿಸಿಕೊಳ್ಳಬೇಕಾದ ಮರವಾದರೆ ಅದಕ್ಕೂ ಗಾಯ.

ಬ್ಲಾಕಿಗೆ ಸ್ಲಿಂಗ್ ಜೋಡಿಸುವಾಗ ಏನು ತಪ್ಪುತ್ತದೆ?

ಬ್ಲಾಕಿನಲ್ಲಿ ದೊಡ್ಡ ಗಾಲಿ ಓಡುವ ಹಗ್ಗಕ್ಕೆ, ಸಣ್ಣ ಉರುಳೆ ಸ್ಲಿಂಗಿಗೆ. ಅವಸರದಲ್ಲಿ ತಲೆಕೆಳಗು ಹಾಕಿದ್ದು ಕೆಳಗಿನಿಂದ ಕಾಣುವುದಿಲ್ಲ. ಓಡುವ ಹಗ್ಗಕ್ಕೆ ಗಾಲಿಯ ವ್ಯಾಸ ಹಗ್ಗದ ದಪ್ಪದ ನಾಲ್ಕು ಪಟ್ಟಾದರೂ ಇರಬೇಕು, ಎಂಟು ಪಟ್ಟಿದ್ದರೆ ಇನ್ನೂ ಚೆನ್ನ. ಕೀಲು ಪೂರ್ತಿ ಕೂತು ಬೀಗ ಬಿದ್ದಿದೆಯೇ ಎಂದು ಬೆರಳಿಂದ ಎಳೆದು ನೋಡಿ. ನಡುವೆ ಕೊಂಡಿ ಸೇರಿಸದೆ ಕುಣಿಕೆಯನ್ನು ನೇರ ಉರುಳೆಗೇ ಹಾಕುವುದು ಉತ್ತಮ. ಕೊಂಡಿ ಕಾಂಡಕ್ಕೆ ಅಡ್ಡ ಬಿದ್ದರೆ ಅದರ ಬಲ ಬಹುಪಾಲು ಹೋದಂತೆ.

ಬುಡದ ಸಾಧನ ಕಟ್ಟುವಾಗ?

ಸೊಂಟದ ಎತ್ತರದಲ್ಲಿ ಕಟ್ಟಿ. ಭಾರ ಬಿದ್ದಾಗ ಅದು ಮೇಲಕ್ಕೆ ಜಿಗಿಯುತ್ತದೆ. ಸ್ಲಿಂಗ್ ಸಡಿಲವಿದ್ದರೆ ಕಾಂಡದುದ್ದಕ್ಕೂ ಒಂದಡಿ ಜಾರಿ ಮೇಲೇರುತ್ತದೆ. ಕಟ್ಟುವಾಗಲೇ ಮೇಲಕ್ಕೆ ಎಳೆದು ಕೂರಿಸಿ. ಸುತ್ತುಗಳು ಒಂದರ ಪಕ್ಕ ಒಂದು ಬರಲಿ. ಒಂದರ ಮೇಲೊಂದು ಹತ್ತಿದರೆ ಹಗ್ಗ ಕಚ್ಚಿಕೊಂಡು ತುಂಡು ನಡುಗಾಳಿಯಲ್ಲಿ ನಿಲ್ಲುತ್ತದೆ. ಹಗ್ಗ ಹಿಡಿಯುವವರು ಬುಡಕ್ಕೆ ಅಂಟಿಕೊಳ್ಳದೆ, ತುಂಡು ಬೀಳುವ ಜಾಗದಿಂದ ಹೊರಗೆ, ಪಕ್ಕಕ್ಕೆ ದೂರ ನಿಲ್ಲಲಿ. ಕಾಲ ಬಳಿಯ ಹಗ್ಗ ಸುರುಳಿಯಾಗಿ ಬಿದ್ದಿರದೆ ಹಿಂದಕ್ಕೆ ಚಾಚಿರಲಿ. ಕೈಗೆ ಹಗ್ಗ ಸುತ್ತಿಕೊಳ್ಳುವುದು ಯಾವ ಕಾರಣಕ್ಕೂ ಬೇಡ.

ಅಲ್ಯೂಮಿನಿಯಮ್ ಕೊಳವೆಯೇ, ಉಕ್ಕಿನದೇ?

ಅಲ್ಯೂಮಿನಿಯಮ್ ಹಗುರ, ಬಿಸಿಯನ್ನು ಬೇಗ ಹರಡುತ್ತದೆ, ಆದರೆ ಬೇಗ ಸವೆಯುತ್ತದೆ. ಮಣ್ಣು ಮೆತ್ತಿದ ಹಗ್ಗ ಅದರಲ್ಲಿ ಗೀರು ಕೊರೆಯುತ್ತದೆ, ಆ ಗೀರಿನ ಅಂಚು ಮುಂದಿನ ಹಗ್ಗವನ್ನು ತುರಿಯುತ್ತದೆ. ದಿನವೂ ಭಾರ ಇಳಿಸುವವರಿಗೆ ಉಕ್ಕು.

ಸ್ಲಿಂಗನ್ನು ಯಾವಾಗ ಬಿಸಾಡಬೇಕು?

ಬೆರಳಿನಿಂದ ಉದ್ದಕ್ಕೂ ತಡವಿ ನೋಡಿ. ಆರೋಗ್ಯವಂತ ಹಗ್ಗ ಬೆರಳಿಗೆ ಮೆತ್ತಗೆ, ಎಲ್ಲ ಕಡೆ ಒಂದೇ ದಪ್ಪ. ಎಲ್ಲಾದರೂ ಗಾಜಿನಂತೆ ಹೊಳೆದು, ಬಾಗಿಸಿದರೆ ಗಟ್ಟಿಯೆನಿಸಿದರೆ ಅಲ್ಲಿ ಎಳೆಗಳು ಬಿಸಿಗೆ ಕರಗಿ ಅಂಟಿಕೊಂಡಿವೆ. ಒಂದು ಕಡೆ ತೆಳ್ಳಗಾಗಿದ್ದರೆ, ಉಬ್ಬಿದ್ದರೆ, ಗರಗಸ ತಾಗಿ ಎಳೆ ತುಂಡಾಗಿದ್ದರೆ, ಕುಣಿಕೆಯ ಹೊಲಿಗೆ ಬಿಚ್ಚಿ ಹೆಣಿಗೆ ಸರಿಯುತ್ತಿದ್ದರೆ, ಚೀಟಿ ಓದಲಾಗದಿದ್ದರೆ, ಅದು ಇನ್ನು ಭಾರಕ್ಕಿಲ್ಲ. ವೂಪಿಯಲ್ಲಿ ಒಳಹೊಕ್ಕ ಎಳೆ ಹೊರಬರುವ ಬಾಯಿಯನ್ನು ವಿಶೇಷವಾಗಿ ನೋಡಿ. ಸವೆತ ಅಲ್ಲೇ ಶುರುವಾಗುತ್ತದೆ. ಒಂದು ಸಲ ಭಾರಿ ಜಗ್ಗು ಬಿದ್ದದ್ದು ಗೊತ್ತಿದ್ದರೆ ಹೊರಗೆ ಏನೂ ಕಾಣದಿದ್ದರೂ ತೆಗೆದುಹಾಕಿ. ತೆಗೆದದ್ದನ್ನು ಮೂಲೆಯಲ್ಲಿಡದೆ ಒಂದೊಂದಡಿ ತುಂಡುಗಳಾಗಿ ಕತ್ತರಿಸಿ, ಇಲ್ಲವಾದರೆ ಇನ್ನಾರೋ ಅದನ್ನೇ ಎತ್ತಿಕೊಂಡು ಮರ ಹತ್ತುತ್ತಾರೆ.